ಸೆರಗಿನಲ್ಲಿ ಮುರಿದ ಕೈ

ಕತ್ತರಿಯ ತುದಿ ನನ್ನ ಕಿವಿಯ ಹಿಂದೆ ಬಂದು ನಿಂತಿತು.

ತಣ್ಣಗಿತ್ತು. ಜರಿ ಕತ್ತರಿಸುವ ಕತ್ತರಿ. ಕೂದಲಿಗಿಂತ ಸಣ್ಣ ಎಳೆಯನ್ನು ಸದ್ದಿಲ್ಲದೆ ತುಂಡು ಮಾಡುತ್ತದೆ. ಕಿವಿ ಅದಕ್ಕೆ ಯಾವ ಲೆಕ್ಕ?

"ಅಲ್ಲಾಡಬ್ಯಾಡ," ಅಂದಿತು ಹಿಂದಿನ ದನಿ. "ಕೈ ಮೇಲಕ್ಕೆತ್ತು."

ಎತ್ತಿದೆ.

ನನ್ನ ಮುಂದೆ ಮಗ್ಗದ ಕಂಟ್ರೋಲರ್ ಡಬ್ಬಿ. ಅದರ ಅಂಗೈಯಗಲದ ಪರದೆಯ ಮೇಲೆ ಒಂದು ಹಸಿರು ಪಟ್ಟಿ ಕಾಲುಭಾಗ ದಾರಿ ನಡೆದು ಅಲ್ಲೇ ನಿಂತುಬಿಟ್ಟಿತ್ತು. ಹ್ಯಾಂಗ್ ಆಗಿತ್ತು. ಮೆಷಿನ್ನಿನ ತಪ್ಪಲ್ಲ. ನಾನು ಬರೆದ ಪ್ರೋಗ್ರಾಮಿನ ತಪ್ಪು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕತ್ತರಿ.

"ಬಾಗಿಲ ಹತ್ರದ ಮಗ್ಗ ರಿಪೇರಿ ಮಾಡು ಅಂತ ಕರ್ಸಿದ್ರೆ, ಈ ಮೂಲೆ ಮಗ್ಗದಾಗೆ ಏನಮ್ಮ ಕೆಲ್ಸ ನಿಂಗೆ?"

ರಘುನಾಥ. ವಿಜಯಕುಮಾರನ ಮಗ್ಗದ ಶೆಡ್ಡಿನ ಕಂಪ್ಯೂಟರ್ ಮನುಷ್ಯ. ಡಿಸೈನ್ ಫೈಲುಗಳನ್ನು ಮಗ್ಗಕ್ಕೆ ಹಾಕುವುದು, ತೆಗೆಯುವುದು, ಕಾಯುವುದು ಅವನ ಕೆಲಸ. ಯಜಮಾನ ಹೇಳಿದರೆ ಬೇರೆ ಕೆಲಸವೂ ಮಾಡುತ್ತಾನೆ.

ನೇಕಾರರೆಲ್ಲ ಟೀಗೆ ಹೋಗಿದ್ದರು. ಹಿಂದೂಪುರದಲ್ಲಿ ಮಗ್ಗದ ಶೆಡ್ಡು ಸುಮ್ಮನಾಗುವುದು ಕರೆಂಟು ಹೋದಾಗ, ಇಲ್ಲವೇ ಟೀ ಬಂದಾಗ. 

"ಇದೂ ಕೆಟ್ಟಿತ್ತು," ಅಂದೆ.

"ನಾವು ಟೀಗೆ ಹೋಗೋವಾಗ ನಡೀತಿತ್ತು."

"ನೀವು ಹೋದ್ಮ್ಯಾಲೆ ನಿಂತ್ಕಂಡ್ತು. ನಿಮ್ಮನ್ನ ಬಿಟ್ಟಿರಕ್ಕೆ ಆಗ್ಲಿಲ್ವೇನೋ."

ಕತ್ತರಿ ಇನ್ನಷ್ಟು ಒತ್ತಿತು. ಬಿಸಿಯಾದ ಒಂದು ಹನಿ ಕುತ್ತಿಗೆಗಿಳಿಯಿತು. ಜೋಕು ಅವನಿಗೆ ಹಿಡಿಸಲಿಲ್ಲ.

ನನ್ನ ಹೆಸರು ತ್ರಿವೇಣಿ. ಕೆಲಸ ರಿಪೇರಿ. ಎಲೆಕ್ಟ್ರಾನಿಕ್ ಜಕಾರ್ಡ್, ಅಂದರೆ ಕಂಪ್ಯೂಟರ್ ಫೈಲಿನಿಂದ ಡಿಸೈನ್ ನೇಯುವ ಮಗ್ಗ, ಕೆಟ್ಟರೆ ಗೋರಂಟ್ಲದಿಂದ ಕಲ್ಯಾಣದುರ್ಗದವರೆಗೆ ನನಗೆ ಫೋನ್ ಬರುತ್ತದೆ. ಡಿಸೈನ್ ಫೈಲು ಕಳೆದರೆ ಹುಡುಕಿಕೊಡುತ್ತೇನೆ. ಕದ್ದಿದ್ದರೆ ಕಸಿದುಕೊಡುತ್ತೇನೆ. ಪ್ರಶ್ನೆ ಕೇಳುವುದಿಲ್ಲ, ಕೇಳಿದವರಿಗೆ ಉತ್ತರ ಕೊಡುವುದಿಲ್ಲ. ನಿಮಗೆ ಇಷ್ಟು ಹೇಳುತ್ತಿದ್ದೇನೆ ಅಂದರೆ ಎಲ್ಲ ಮುಗಿದಿದೆ ಅಂತಲೇ ತಿಳಿಯಿರಿ.

ಆ ದಿನ ಅಲ್ಲಿಗೆ ಹೋದದ್ದು ರಿಪೇರಿಗಲ್ಲ.

ನನ್ನಕ್ಕ ಶಿವರಂಜನಿಯ ಕೈಗಾಗಿ.

ಅಕ್ಕ ಸೀರೆಗೆ ಡಿಸೈನ್ ಬರೆಯುತ್ತಿದ್ದಳು. ಇದೇ ಶೆಡ್ಡಿನಲ್ಲಿ. ಮಾವು, ನವಿಲು, ಹಂಸ ಎಲ್ಲರೂ ಬರೆಯುತ್ತಾರೆ. ಅಕ್ಕ ಹುಣಸೆ ಹೂವು ಬರೆದಳು. ಆ ಪುಟ್ಟ ಹಳದಿ ಹೂವು, ಎಸಳಿನ ಮೇಲೆ ಕೆಂಪು ಗೆರೆ... ಅದನ್ನು ಸೆರಗಿಗೆ ತಂದವರು ನಮ್ಮ ಕಡೆ ಯಾರೂ ಇರಲಿಲ್ಲ. ವಿಜಯಕುಮಾರ ನೋಡಿದ. ಡಿಸೈನಿಗೆ ತನ್ನ ಹೆಸರಿರಲಿ ಅಂದ. ಅಕ್ಕ ಆಗುವುದಿಲ್ಲ ಅಂದಳು. ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟಳು. ಬಾಗಿಲ ಹತ್ತಿರ ರಘುನಾಥ ಅವಳ ಬಲಗೈ ಹಿಡಿದು ಹೊಸ್ತಿಲಿಗೆ ಒತ್ತಿದ.

ವಿಜಯಕುಮಾರ ಶಟರ್ ಎಳೆದ.

ಎರಡು ಬೆರಳು.

ಮರುವಾರ ನೇಕಾರರ ಸಂಘದ ಮುಂದೆ ನಿಂತು ಅವನೇ ಹೇಳಿದ: "ನನ್ ಡಿಸೈನ್ ಕದ್ದು ಎರಡು ಕೈಯಾಗೂ ಬಾಚ್ಕಂಡು ಓಡೋದ್ಲು." ಸಂಘ ನಂಬಿತು. ಅವಳಿಗೆ ಯಾರೂ ಕೆಲಸ ಕೊಡಕೂಡದು ಅಂತ ತೀರ್ಮಾನವಾಯಿತು. ಪೊಲೀಸರ ಹತ್ತಿರ ಹೋದರೆ ಸಾಕ್ಷಿ ಕೇಳುತ್ತಾರೆ. ಇದ್ದ ಸಾಕ್ಷಿ ಅಂದರೆ ಶಟರ್ ಎಳೆದವನು, ಕೈ ಹಿಡಿದವನು, ಇಬ್ಬರೇ. ನಮ್ಮಮ್ಮ ಕರಿಬಸಮ್ಮ ಮಗಳನ್ನು ಕುಂದುರ್ಪಿಯ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗಿ ಒಳಮನೆಯಲ್ಲಿ ಕೂರಿಸಿದಳು. ಕೈ ಮುರಿದದ್ದು ಹಿಂದೂಪುರದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕಳ್ಳಿ ಅಂತ ಮಾತ್ರ ಗೊತ್ತಾಯಿತು.

ಅಕ್ಕ ಅಳಲಿಲ್ಲ. ಎಡಗೈಯಲ್ಲಿ ಊಟ ಮಾಡುವುದನ್ನು ಕಲಿತಳು. ಅಷ್ಟೆ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಈಗ ಆ ಹುಣಸೆ ಹೂವಿನ ಮೊದಲ ಸೀರೆ ಇದೇ ಮೂಲೆ ಮಗ್ಗದ ಮೇಲಿತ್ತು. ಮರುದಿನ ಕಲ್ಯಾಣದುರ್ಗದಲ್ಲಿ ವಿಜಯಕುಮಾರನ ಹೊಸ ಶೋರೂಮಿನ ಓಪನಿಂಗು. ಎಲ್ಲರ ಮುಂದೆ ಸೀರೆ ಬಿಚ್ಚುವುದು. ಸಂಘದ ಅಧ್ಯಕ್ಷರು ಈ ಡಿಸೈನ್ ಇವನದೇ ಅಂತ ಘೋಷಿಸುವುದು. ಅದಾದ ಮೇಲೆ ಅಕ್ಕ ಸಾಯುವವರೆಗೂ ಕಳ್ಳಿ.

ನನ್ನ ಪೆನ್‌ಡ್ರೈವಿನಲ್ಲಿ ಅಕ್ಕನ ಎಕ್ಸ್-ರೇ ಇತ್ತು.

ಬಿಳಿ ಮೂಳೆ, ಕಪ್ಪು ಹಿನ್ನೆಲೆ. ಅದನ್ನು ಚುಕ್ಕೆ ಚುಕ್ಕೆಯಾಗಿ ಒಡೆದು ತಂದಿದ್ದೆ. ಹುಣಸೆ ಹೂವುಗಳ ನಡುವೆ, ಸೆರಗಿನ ಎದ್ದು ಕಾಣುವ ಜಾಗದಲ್ಲಿ, ಚಿನ್ನದ ಜರಿಯಲ್ಲಿ ಆ ಕೈ ಮೂಡಬೇಕು. ಇಷ್ಟೇ ಪ್ಲಾನು.

ಮಗ್ಗಕ್ಕೆ ಹೂವು ಗೊತ್ತಿಲ್ಲ ನೋಡಿ. ಅದಕ್ಕೆ ಗೊತ್ತಿರುವುದು ಒಂದು ಮತ್ತು ಸೊನ್ನೆ. ಒಂದು ಅಂದರೆ ಎಳೆ ಏಳುತ್ತದೆ, ಸೊನ್ನೆ ಅಂದರೆ ಇದ್ದಲ್ಲೇ ಇರುತ್ತದೆ. ಇಡೀ ಸೆರಗು ಆ ಡಬ್ಬಿಯೊಳಗೆ ಒಂದೇ ಉದ್ದನೆಯ ಅಕ್ಷರಗಳ ಸಾಲು. ಪ್ರೋಗ್ರಾಮ್ ಬರೆಯುವವರು ಸ್ಟ್ರಿಂಗ್ ಅನ್ನುತ್ತಾರೆ. ಬೇಕಾದ ಕಡೆ ಸೊನ್ನೆ ತೆಗೆದು ಒಂದು ಇಟ್ಟರೆ ಕೈ ಮೂಡುತ್ತದೆ.

ಸುಲಭ ಅನ್ನಿಸುತ್ತದೆ ಅಲ್ಲವೆ?

ನನಗೂ ಅನ್ನಿಸಿತ್ತು.

ಆದರೆ ಆ ಡಬ್ಬಿಯ ಭಾಷೆಯಲ್ಲಿ ಸ್ಟ್ರಿಂಗ್ ಒಮ್ಮೆ ಹುಟ್ಟಿತೆಂದರೆ ಅದರೊಳಗೆ ಕೈ ಹಾಕಲು ಬಿಡುವುದಿಲ್ಲ. ಒಂದು ಅಕ್ಷರ ಬದಲಿಸಬೇಕಾದರೆ ಅದರ ಹಿಂದಿನದೆಲ್ಲ ನಕಲು ಮಾಡು, ಹೊಸ ಅಕ್ಷರ ಇಡು, ಮುಂದಿನದೆಲ್ಲ ನಕಲು ಮಾಡು. ಹೊಸದೊಂದು ಸಾಲು. ಪಕ್ಕದ ಅಕ್ಷರ ಬದಲಿಸಬೇಕೇ? ಮತ್ತೆ ಇಡೀ ಸೆರಗಿನ ನಕಲು. ಅಕ್ಕನ ಕೈಗೆ ಸಾವಿರಾರು ಅಕ್ಷರ. ಸಾವಿರಾರು ಸಲ ಇಡೀ ಸೆರಗು. ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ, ಕರವಸ್ತ್ರದಷ್ಟು ತುಂಡಿನ ಮೇಲೆ ಪ್ರಯತ್ನ ಮಾಡಿದಾಗ ಓಡಿತ್ತು. ಈ ಬಡ ಡಬ್ಬಿ ಉಸಿರುಗಟ್ಟಿ ಮಲಗಿತು.

ಸಿಟ್ಟಿನಲ್ಲಿ ಬರೆದ ಪ್ರೋಗ್ರಾಮ್ ಹಾಗೇ.

"ಏಮಯ್ಯಾ ರಘು, ಏನ್ ಗಲಾಟೆ?"

ವಿಜಯಕುಮಾರ ಬಂದ. ಬಿಳಿ ಷರಟು, ಹಣೆ ತುಂಬ ವಿಭೂತಿ, ಕಾಲಲ್ಲಿ ಸದ್ದಿಲ್ಲದ ಚಪ್ಪಲಿ. ಅವನು ನನ್ನನ್ನು ಅದುವರೆಗೆ ನೋಡಿರಲಿಲ್ಲ. ನಾನು ಅವನ ಫೋಟೋವನ್ನು ಎಷ್ಟು ಸಲ ನೋಡಿದ್ದೆನೋ ನನಗೇ ಗೊತ್ತಿಲ್ಲ.

"ಈವಮ್ಮ ಮೂಲೆ ಮಗ್ಗಕ್ಕೆ ಕೈ ಹಾಕವ್ಳೆ ಅಣ್ಣ. ನಿಂತೋಗೈತೆ."

"ಸೆರಗು?"

"ಒಡಲು ಮುಗ್ದೈತೆ. ಸೆರಗು ಇನ್ನಾ ಶುರುವಾಗಿಲ್ಲ."

ವಿಜಯಕುಮಾರ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಮಾತಾಡಿದ.

"ನಾಳೆ ಓಪನಿಂಗ್ ಐತಮ್ಮ. ನಾಳೆ ಅಂದ್ರೆ ತೆಲುಗ್ನಾಗೆ ರೇಪು. ತೆಲಿಸಿಂದಾ, ತಿಳೀತಾ?"

"ತೆಲುಗೂ ಬತ್ತದೆ, ಕ್ಯಾಲೆಂಡರ್ ನೋಡಕ್ಕೂ ಬತ್ತದೆ."

"ಯಾರ್ ಕಳ್ಸಿದ್ದು ನಿನ್ನ?"

"ನೀವೇ ಕರ್ಸಿದ್ದು. ಬಾಗಿಲ ಹತ್ರದ ಮಗ್ಗ ನೋಡ್ದೆ. ಅದರ ಲೈನೇ ಇದಕ್ಕೂ ಬಂದೈತೆ. ಇದ್ರಾಗೂ ರೋಗ ಇದ್ದಂಗಿತ್ತು, ತೆಗೆದ್ನೋಡ್ದೆ. ಮೆಮೊರಿ ತುಂಬಿ ಕೂತೈತೆ."

"ಸರಿಹೋಯ್ತದಾ?"

"ನಾನ್ ಮಾಡಿದ್ರೆ ಹೋಯ್ತದೆ. ಬೆಂಗ್ಳೂರಿಂದ ಕಂಪನಿಯೋರು ಬಂದ್ರೆ ನಾಡಿದ್ದಿಗೆ ಹೋಯ್ತದೆ."

ಅವನು ರಘುನಾಥನ ಮುಖ ನೋಡಿದ. ರಘುನಾಥ ನೆಲ ನೋಡಿದ. ಅವನಿಗೆ ಫೈಲು ಹಾಕಲು ಬರುತ್ತಿತ್ತು, ಸತ್ತ ಡಬ್ಬಿ ಎಬ್ಬಿಸಲು ಬರುತ್ತಿರಲಿಲ್ಲ.

"ಮಾಡು," ಅಂದ ವಿಜಯಕುಮಾರ. "ಈವಯ್ಯ ಪಕ್ಕದಾಗೇ ನಿಂತಿರ್ತಾನೆ. ಆಟ ಆಡ್ಬ್ಯಾಡ. ನಮ್ಮ ಶೆಡ್ಡಿನ ಶಟರ್ ಸ್ವಲ್ಪ ಬಿರುಸು ಕಣಮ್ಮ. ಬೆರಳು ಗಿರಳು ಸಿಕ್ಕಾಕ್ಕಂಡ್ರೆ ನಾನ್ ಜವಾಬ್ದಾರನಲ್ಲ."

ಹೇಳಿ ನಕ್ಕ.

ಆ ಮಾತು ಅವನು ಆಡದೆ ಇದ್ದಿದ್ದರೆ ಬಹುಶಃ ನಾನು ಡಬ್ಬಿ ಎಬ್ಬಿಸಿಕೊಟ್ಟು ತಪ್ಪಿಸಿಕೊಂಡು ಹೋಗುತ್ತಿದ್ದೆ. ಜೀವ ಯಾರಿಗೆ ಬೇಡ? ಅವನು ನಕ್ಕ. ನನ್ನೊಳಗೆ ಏನೋ ತಣ್ಣಗಾಯಿತು. 

ಕತ್ತರಿ ಕಿವಿಯ ಹಿಂದೆಯೇ ಇತ್ತು. ಯಾವ ಪ್ರೋಗ್ರಾಮ್ ಬರೆಯಲು ಕದ್ದು ಬಂದಿದ್ದೆನೋ, ಅದನ್ನೇ ಬರೆಯೆಂದು ಈಗ ಕುರ್ಚಿ ಹಾಕಿ ಕೂರಿಸಿದ್ದರು.

ನಾನು ಕಂಪ್ಯೂಟರ್ ಕಲಿಯುತ್ತಿದ್ದಾಗ ಅಕ್ಕ ಬೈಯುತ್ತಿದ್ದ ಮಾತು ನೆನಪಾಯಿತು. "ಒಂದು ಎಳೆ ಹರಿದ್ರೆ ಇಡೀ ಹಾಸು ಬಿಚ್ಚಿ ಹಾಕ್ತಾರೇನೆ ಪೆದ್ದಿ? ಹರಿದಿರೋ ಎಳೆ ಹತ್ರ ಹೋಗು, ಗಂಟಾಕು, ಬಾ."

ಹಾಗೇ ಮಾಡಿದೆ.

ಸಾಲನ್ನು ಒಂದೇ ಒಂದು ಸಲ ಬಿಡಿಸಿ ಗೂಡುಗಳಲ್ಲಿಟ್ಟೆ. ಗೂಡಿಗೊಂದು ಅಕ್ಷರ. ಇದನ್ನು ಅರೇ ಅನ್ನುತ್ತಾರೆ. ಗೂಡಿನೊಳಗೆ ಕೈ ಹಾಕಬಹುದು, ಯಾರೂ ತಡೆಯುವುದಿಲ್ಲ. ಬೇಕಾದ ಗೂಡಿಗೆ ನೇರ ಹೋಗು. ಸೊನ್ನೆ ತೆಗೆ. ಒಂದು ಇಡು. ಪಕ್ಕದ ಗೂಡಿಗೆ ಎಚ್ಚರವೂ ಆಗುವುದಿಲ್ಲ. ಎಲ್ಲ ಮುಗಿದ ಮೇಲೆ ಕೊನೆಗೊಮ್ಮೆ ಜೋಡಿಸಿ ಸಾಲು ಮಾಡು. ಸಾವಿರಾರು ನಕಲು ಇದ್ದಲ್ಲಿ ಬರೀ ಎರಡು. ಬಿಚ್ಚಲು ಒಂದು, ಕಟ್ಟಲು ಒಂದು.

"ಏನಿದು ಲೂಪು?" ರಘುನಾಥ ಬಗ್ಗಿ ಓದಿದ. ಅವನ ಬಾಯಿಂದ ಗುಟ್ಕಾ ವಾಸನೆ.

"ಮೆಮೊರಿ ಕ್ಲೀನ್ ಮಾಡೋದು."

"ಈ ಪೆನ್‌ಡ್ರೈವು?"

"ಕ್ಲೀನ್ ಮಾಡೋ ಪೊರಕೆ."

"ಜಾಸ್ತಿ ಮಾತಾಡ್ತೀಯ ಕಣಮ್ಮ ನೀನು."

"ಕಿವಿ ಹತ್ರ ಕತ್ತರಿ ಇದ್ರೆ ಬಾಯಿ ತಾನಾಗೇ ಓಡ್ತದೆ."

"ಫೈಲಿನ ಸೈಜು ನಂಗ್ ಬಾಯಿಪಾಠ ಐತೆ. ಒಂದು ಬೈಟು ಹೆಚ್ಚಿರ್ಲಿ, ಕಮ್ಮಿ ಇರ್ಲಿ... ಗೊತ್ತಾಯ್ತದೆ."

ನಾನು ಒತ್ತಿದೆ.

ಹಸಿರು ಪಟ್ಟಿ ಈ ಕಡೆಯಿಂದ ಆ ಕಡೆಗೆ ಓಡಿ ಮಾಯವಾಯಿತು. ರಘುನಾಥ ಕಣ್ಣು ಮಿಟುಕಿಸುವುದರೊಳಗೆ. ಅವನಿಗೆ ನೋಡಲು ಏನೂ ಉಳಿಯಲಿಲ್ಲ.

ಅವನು ಕತ್ತರಿ ಜೇಬಿಗಿಟ್ಟು ಫೈಲಿನ ಸೈಜು ನೋಡಿದ. ಮತ್ತೊಮ್ಮೆ ನೋಡಿದ. ಒಂದು ಸೊನ್ನೆ ಹೋದ ಜಾಗದಲ್ಲಿ ಒಂದು ಬಂದು ಕೂತರೆ ಉದ್ದ ಬದಲಾಗುವುದಿಲ್ಲ. ಗಂಟು ಅದೇ, ಒಳಗಿನ ಸರಕು ಬೇರೆ. ಕಳ್ಳ ಕಾವಲುಗಾರನಿಗೆ ತೂಕ ಹಾಕುವುದಷ್ಟೇ ಗೊತ್ತು.

"ಒಂದು ಬೈಟೂ ಅಲ್ಲಾಡಿಲ್ಲ ಅಣ್ಣ," ಅಂದ ಯಜಮಾನನಿಗೆ. "ಪಕ್ಕಾ ಐತೆ."

"ನೀನ್ ನೋಡಿದ್ಯಾ?"

"ನಾನೇ ನೋಡ್ದೆ."

ಆ ಮಾತನ್ನು ನೆನಪಿಟ್ಟುಕೊಂಡೆ. ಇಂಥವು ಕೆಲಸಕ್ಕೆ ಬರುತ್ತವೆ.

ನೇಕಾರರು ಟೀ ಮುಗಿಸಿ ಬಂದರು. ಮಗ್ಗ ಗುಡುಗಿತು. ಸೆರಗು ಶುರುವಾಯಿತು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಜರಿ ಸೀರೆಯನ್ನು ಬೋರಲು ಹಾಕಿ ನೇಯುತ್ತಾರೆ. ಅಂದವಾದ ಮೈ ಕೆಳಗೆ, ನೆಲದ ಕಡೆಗೆ. ನೇಕಾರನ ಕಣ್ಣಿಗೆ ಕಾಣುವುದು ಹಿಂಬದಿಯ ಜರಿ ಎಳೆಗಳ ಗೋಜಲು ಮಾತ್ರ. ಅದಕ್ಕೇ ಹಳಬರು ಮಗ್ಗದ ಕೆಳಗೆ ಒಂದು ಕನ್ನಡಿ ಇಟ್ಟುಕೊಳ್ಳುತ್ತಿದ್ದರು. ಆಗಾಗ ಬಗ್ಗಿ ನೋಡಿಕೊಳ್ಳಲು. ವಿಜಯಕುಮಾರ ವ್ಯಾಪಾರಸ್ಥ, ಮಗ್ಗದ ಮೇಲೆ ಕೂತವನಲ್ಲ. ಶೆಡ್ಡು ಕೊಂಡ ಹೊಸದರಲ್ಲೇ ಕನ್ನಡಿಗಳನ್ನೆಲ್ಲ ತೆಗೆಸಿಹಾಕಿದ್ದ. "ಕೆಲ್ಸ ಬಿಟ್ಟು ಮುಖ ನೋಡ್ಕಂತಾ ಕೂತ್ಕಂತಾರೆ" ಅಂತ.

ಕನ್ನಡಿ ಇರಲಿಲ್ಲ. ಆದರೆ ನಾರಮ್ಮ ಇದ್ದಳು.

ನಾರಮ್ಮ ಜರಿ ಸುತ್ತುವವಳು. ವಯಸ್ಸಾಗಿದೆ, ಮಂಡಿ ನೋವು, ನೆಲದ ಮೇಲೇ ಕೂರುತ್ತಾಳೆ. ಮೂಲೆ ಮಗ್ಗದ ಎದುರಿಗೇ ಅವಳ ಜಾಗ. ನಾನು ಚೀಲ ಕಟ್ಟಿಕೊಳ್ಳುತ್ತಿದ್ದಾಗ ಅವಳ ಕೈ ನಿಂತಿತು. ಕತ್ತು ವಾಲಿಸಿ ಮಗ್ಗದ ಕೆಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಮುಗಿಯಿತು ನನ್ನ ಕತೆ ಅಂದುಕೊಂಡೆ.

"ಏನ್ ನಾರಮ್ಮ, ಸರಿ ಬತ್ತಾ ಐತಾ?" ರಘುನಾಥ ಕೂಗಿದ.

ಅವಳು ಎಲೆ ಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ತಂದಳು.

"ಬೋ ಚೆನ್ನಾಗ್ ಬತ್ತಾ ಐತೆ ಕಣಪ್ಪ. ಇಂತಾದ್ದು ನಾನ್ ನೋಡೇ ಇರ್ಲಿಲ್ಲ."

ಮರುದಿನ ಬೆಳಿಗ್ಗೆ ಸೀರೆ ಇಳಿಸಿ ಮಡಚಿದ್ದೂ ಅವಳೇ. ಮೈ ಒಳಗೆ ಮಾಡಿ, ಕಾಗದ ಸುತ್ತಿ, ಪೆಟ್ಟಿಗೆಗಿಟ್ಟು. ಸ್ಟೇಜಿನ ಮೇಲೆ ಬಿಚ್ಚುವ ತನಕ ಯಾರೂ ಮುಟ್ಟಕೂಡದು ಅಂತ ವಿಜಯಕುಮಾರನದೇ ಆರ್ಡರು. ಯಾರಾದರೂ ಫೋಟೋ ಹೊಡೆದು ಡಿಸೈನ್ ಕದ್ದರೆ ಅಂತ ಭಯ. ಕದ್ದವನಿಗಿರುವಷ್ಟು ಕಳ್ಳರ ಭಯ ಬೇರೆ ಯಾರಿಗೂ ಇರುವುದಿಲ್ಲ.

ನಾನು ಆಗಲೇ ಕಲ್ಯಾಣದುರ್ಗಕ್ಕೆ ಹೊರಟು ಸ್ಕೂಟರ್ ಹತ್ತಿದ್ದೆ. ಪೆನುಕೊಂಡ ಹತ್ತಿರ ಬರುವಾಗ ಫೋನ್ ಅದುರಿತು. ಗೊತ್ತಿಲ್ಲದ ನಂಬರು.

"ನಾನು ನಾರಮ್ಮ ಕಣಮ್ಮ. ಟೀ ಅಂಗ್ಡಿಯೋರ ಫೋನು. ಆವಯ್ಯ ನೋಡ್ಬುಟ್ಟ."

"ಯಾರು?"

"ರಘುನಾಥಪ್ಪ. ಅದೇ ಮಗ್ಗದಾಗೆ ಎರಡ್ನೇ ಸೀರೆಗೆ ಸೆರಗೇ ಮೊದ್ಲು ಹಾಕಿದ್ರಲ್ಲ, ಅವನ್ ಕತ್ತರಿ ಕೆಳಕ್ ಬಿತ್ತು. ತಗಳಕ್ಕೆ ಬಗ್ದ. ಹಂಗೇ ಕೂತ್ಬುಟ್ಟ. ಆಮ್ಯಾಲೆ ವಾಚ್‌ಮನ್ ಹತ್ರ ನಿನ್ ಗಾಡಿ ನಂಬರ್ ಇಸ್ಕಂಡು ಜೀಪ್ ಹತ್ತಿ ಕಲ್ಯಾಣದುರ್ಗದ ಕಡೆ ಹೋದ."

"ಯಜಮಾನ್ರಿಗೆ ಫೋನ್ ಮಾಡಿದ್ನಾ?"

"ಇಲ್ಲ ಕಣಮ್ಮ. ಮುಖ ಸುಣ್ಣ ಆಗಿತ್ತು."

ಅವಳು ಎಲೆ ಅಡಿಕೆ ಉಗುಳಿದ್ದು ಕೇಳಿಸಿತು.

"ಅವತ್ತು ಹೊಸ್ತಿಲು ತೊಳ್ದಿದ್ದು ನಾನೇ ಕಣಮ್ಮ. ಎಲೆ ಅಡಿಕೆ ಉಗುಳಿದ್ದು ಅಂದ್ರು. ನಾನು ಎಷ್ಟು ವರ್ಸದಿಂದ ಎಲೆ ಅಡಿಕೆ ಹಾಕ್ತ ಇದೀನಿ... ನಂಗ್ ಗೊತ್ತಾಗಲ್ವಾ? ಹುಷಾರಾಗ್ ಹೋಗು."

ಕನ್ನಡಿಯಲ್ಲಿ ನೋಡಿದೆ. ಬಿಳಿ ಜೀಪು. ಹಿಂದೆಯೇ ಇತ್ತು.

ಸ್ಕೂಟರಿನ ಕಿವಿ ಹಿಂಡಿದೆ. ಮುಂದೆ ಕಾರು ಫ್ಯಾಕ್ಟರಿಯಿಂದ ಹೊರಟ ಟ್ರೈಲರುಗಳ ಸಾಲು, ಮೈಮೇಲೆ ಹೊಸ ಕಾರುಗಳನ್ನು ಎರಡಂತಸ್ತು ಹೊತ್ತು, ಮದುವೆ ದಿಬ್ಬಣದ ಹಾಗೆ ನಿಧಾನವಾಗಿ ಹೋಗುತ್ತಿತ್ತು. ಎರಡು ಟ್ರೈಲರಿನ ನಡುವೆ ನುಗ್ಗಿದೆ. ಜೀಪು ಹಾರ್ನ್ ಹೊಡೆಯಿತು. ಹಿಂದಿನ ಟ್ರೈಲರಿನ ಡ್ರೈವರ್ ಹಿಂದಿಯಲ್ಲಿ ನನ್ನ ವಂಶವನ್ನೆಲ್ಲ ನೆನೆಸಿಕೊಂಡ. ಎಡಕ್ಕೆ ಜಾರಿದೆ. ಜೀಪು ಮಣ್ಣಿಗಿಳಿದು ಧೂಳೆಬ್ಬಿಸಿಕೊಂಡು ಬಂತು. ಅದರ ಬಂಪರ್ ನನ್ನ ಹಿಂದಿನ ಚಕ್ರ ಮುಟ್ಟಿತು. ಮುಟ್ಟಿತಷ್ಟೆ.

ಆಕಾಶ ಒಂದು ಸುತ್ತು ತಿರುಗಿತು.

ಜಲ್ಲಿಯ ಮೇಲೆ ಬಿದ್ದಿದ್ದೆ. ಮೊಣಕೈ ಸುಲಿದಿತ್ತು. ಸ್ಕೂಟರಿನ ಹ್ಯಾಂಡಲ್ ಕತ್ತು ತಿರುಗಿಸಿಕೊಂಡು ಮಲಗಿತ್ತು. ರಘುನಾಥ ಜೀಪಿನಿಂದ ಜಾಕಿ ರಾಡು ಹಿಡಿದು ಇಳಿದ.

"ಯಾರೇ ನೀನು?"

"ಶಿವರಂಜನಿ ತಂಗಿ."

ರಾಡು ಅರ್ಧಕ್ಕೆ ನಿಂತಿತು.

"ನಾನ್ ಬರೀ ಕೈ ಹಿಡ್ಕಂಡಿದ್ದೆ," ಅಂದ. ಕೇಳದೆಯೇ ಹೇಳಿದ. "ಎಳ್ದಿದ್ದು ಅಣ್ಣ."

"ಬರೀನಾ?"



ಎದ್ದು ಕೂತೆ. ಎದ್ದು ನಿಲ್ಲಲು ಆಗುತ್ತಿರಲಿಲ್ಲ, ಆದರೆ ಅದು ಅವನಿಗೆ ಗೊತ್ತಾಗಬಾರದಿತ್ತು. ಆರಾಮಾಗಿ ಕೂತವಳ ಹಾಗೆ ಕಾಲು ನೀಡಿದೆ.

"ಹೊಡೀತೀಯಾ? ಹೊಡಿ. ಸೀರೆ ಪೆಟ್ಟಿಗೆ ಕಲ್ಯಾಣದುರ್ಗದಾಗೈತೆ. ನನ್ನ ಸಾಯಿಸಿದ್ರೆ ಅದು ವಾಪಸ್ ಬತ್ತದಾ?"

"ಅಣ್ಣಂಗೆ ಹೇಳ್ತೀನಿ. ಬಿಚ್ಬ್ಯಾಡ ಅಂತ ಹೇಳ್ತೀನಿ."

"ಹೇಳು. ಫೋನ್ ತಗಿ. ಅಣ್ಣ, ಸೆರಗಿನಾಗೆ ಮುರಿದ ಕೈ ಐತೆ, ಆ ಫೈಲ್ ಪಕ್ಕಾ ಐತೆ ಅಂದೋನು ನಾನೇ, ಆವಮ್ಮನ ಪಕ್ಕದಾಗೆ ನಿಂತ್ಕಂಡು ನೋಡಿದ್ದೂ ನಾನೇ ಅಂತ ಹೇಳು. ಆಮ್ಯಾಲೆ ಶಟರ್ ಹತ್ರ ಹೋಗಿ ಕೈ ಇಟ್ಕಂಡು ಕಾಯ್ತಾ ಇರು."

ಅವನು ಫೋನ್ ತೆಗೆದ. ಹೆಬ್ಬೆರಳು ಪರದೆಯ ಮೇಲೆ ಬಂದು ನಿಂತಿತು. ಟ್ರೈಲರುಗಳು ಒಂದೊಂದಾಗಿ ಹಾದುಹೋದವು. ಪ್ರತಿಯೊಂದರ ಗಾಳಿಗೂ ಅವನ ಷರಟು ಹಾರಿ ಕೂರುತ್ತಿತ್ತು.

ಹೆಬ್ಬೆರಳು ಇಳಿಯಲಿಲ್ಲ.

"ಆ ಕಡೆ ರೋಡಿಗೆ ಬೆಂಗ್ಳೂರ್ ಬಸ್ಸು ಬತ್ತದೆ," ಅಂದೆ. "ಹತ್ತೋನು ಬೇಗ ಹತ್ತಬೇಕು."

ಅವನು ನನ್ನನ್ನು ನೋಡಿದ. ರಾಡನ್ನು ನೋಡಿದ. ಆಮೇಲೆ ರಾಡು ಜಲ್ಲಿಗೆ ಬಿತ್ತು. ಡಿವೈಡರ್ ದಾಟಿ ಓಡಿದ. ಬಸ್ಸು ಹತ್ತುವಾಗಲೂ ತಿರುಗಿ ನೋಡಲಿಲ್ಲ.

ಜೀಪಿನಲ್ಲಿ ಕೀ ಹಾಗೇ ಇತ್ತು. ನನ್ನ ಸ್ಕೂಟರ್ ಕೆಡವಿದವನು ಅವನು. ನ್ಯಾಯವಾಗಿ ಜೀಪು ನನ್ನದು.

ಕಲ್ಯಾಣದುರ್ಗದ ಶೋರೂಮಿನ ಮುಂದೆ ಶಾಮಿಯಾನ, ಬಾಳೆಕಂದು, ಡ್ರಮ್ಮು. ಒಳಗೆ ಕೂರಲು ಜಾಗವಿರಲಿಲ್ಲ. ಕುಂಟುತ್ತಾ ಹೋಗಿ ಗೋಡೆಗೊರಗಿ ನಿಂತೆ. ಹಿಂದಿನ ಸಾಲಿನಲ್ಲಿ ಅಮ್ಮ ಕೂತಿದ್ದಳು. ಪಕ್ಕದಲ್ಲಿ ಅಕ್ಕ. ನಾನು ಹೇಳಿದ್ದಕ್ಕೆ ಕುಂದುರ್ಪಿ ಬಸ್ಸಿನಲ್ಲಿ ಬಂದಿದ್ದರು. ಅಕ್ಕ ಬಲಗೈಯನ್ನು ಸೆರಗಿನೊಳಗಿಟ್ಟುಕೊಂಡು ತಲೆ ಬಗ್ಗಿಸಿದ್ದಳು. ಯಾರೋ ಅವಳನ್ನು ಗುರುತಿಸಿ ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಆ ಮಾತು ಯಾವುದೆಂದು ನನಗೆ ಗೊತ್ತಿತ್ತು.

ಸ್ಟೇಜಿನ ಮೇಲೆ ದೀಪ. ದೀಪದ ಪಕ್ಕ ಸಂಘದ ಅಧ್ಯಕ್ಷ ಶಿವಯೋಗಪ್ಪ, ಬಾಳೆಲ್ಲ ಮಗ್ಗದ ಮೇಲೆ ಕೂತು ಬೆನ್ನು ಬಾಗಿದ ಮುದುಕ. ಮುಂದಿನ ಸಾಲಿನಲ್ಲಿ ಊರಿನ ಎಸ್‌ಐ, ಕೊರಳಲ್ಲಿ ಹಾರ, ಕೈಯಲ್ಲಿ ಸ್ವೀಟ್ ಬಾಕ್ಸು.

ವಿಜಯಕುಮಾರ ಮೈಕ್ ಹಿಡಿದ.

"ಈ ಸೆರಗಿನ ಒಂದೊಂದು ಚುಕ್ಕೇನೂ ನಾನೇ ಕೂತು ಬರ್ದಿದ್ದು. ಇನ್ನೊಬ್ಬರ ಕೈ ಇದ್ರಾಗಿಲ್ಲ."

ಚಪ್ಪಾಳೆ.

ಇಬ್ಬರು ಹೆಂಗಸರು ಪೆಟ್ಟಿಗೆಯಿಂದ ಸೀರೆ ತೆಗೆದು, ಸೆರಗಿನ ಎರಡು ತುದಿ ಹಿಡಿದು ಜನರ ಕಡೆಗೆ ಬಿಚ್ಚಿದರು.

ಚಪ್ಪಾಳೆ ಸಾಯುವುದನ್ನು ನೀವು ಕೇಳಿದ್ದೀರಾ? ಮುಂದಿನ ಸಾಲಿನಲ್ಲಿ ಮೊದಲು ಸತ್ತಿತು. ಆಮೇಲೆ ಹಿಂದಕ್ಕೆ.

ಕೆಂಪು ರೇಷ್ಮೆ. ಸುತ್ತ ಹುಣಸೆ ಹೂವು. ನಡುವೆ ಚಿನ್ನದ ಮೂಳೆಗಳ ಒಂದು ಕೈ. ಮಣಿಕಟ್ಟು, ಅಂಗೈ, ಬೆರಳು. ಎರಡು ಬೆರಳು ನಡುವೆ ತುಂಡಾಗಿ ಪಕ್ಕಕ್ಕೆ ಜಾರಿದ್ದವು. ಲೈಟಿಗೆ ಒಂದೊಂದು ಮೂಳೆಯೂ ಹೊಳೆಯುತ್ತಿತ್ತು.

ಶಿವಯೋಗಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಬೆರಳಿಂದ ಜರಿ ಮುಟ್ಟಿ ನೋಡಿದರು.

"ನೇಯ್ಗೆ ಚೆನ್ನಾಗೈತೆ. ಯಾರ್ ಕೈಯಪ್ಪ ಇದು?"

"ಇದು... ಇದು ನಾನ್ ಬರ್ದಿದ್ದಲ್ಲ."

"ಈಗ್ತಾನೆ ಒಂದೊಂದು ಚುಕ್ಕೇನೂ ಅಂದ್ಯಲ್ಲಪ್ಪ."

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಆ ನಗು ಅವನನ್ನು ಕೆಡಿಸಿತು. ಮೈಕ್ ಕೈಯಲ್ಲೇ ಇದೆ ಅನ್ನುವುದನ್ನು ಮರೆತ.

"ಆ ಶಿವರಂಜನಿ ಮಾಡ್ಸಿರೋದು. ಅವಳ್ದೇ ಕೈ ಇದು. ಬೆರಳು ಹೋದ್ರೂ ಕೊಬ್ಬು ಹೋಗ್ಲಿಲ್ಲ ಅವಳ್ಗೆ!"

ಸ್ಪೀಕರುಗಳು ಅದನ್ನು ಬೀದಿಯ ತುದಿಯವರೆಗೂ ಹೇಳಿದವು.

ಶಿವಯೋಗಪ್ಪ ಕನ್ನಡಕ ತೆಗೆದರು. ನಿಧಾನವಾಗಿ ಒರೆಸಿದರು.

"ಬೆರಳು ಹೋಗೈತೆ ಅಂತ ನಿಂಗ್ಯಾರಪ್ಪ ಹೇಳಿದ್ದು? ನಮ್ಗ್ಯಾರ್ಗೂ ಗೊತ್ತಿಲ್ಲ. ಎರಡು ಕೈಯಾಗೂ ಬಾಚ್ಕಂಡು ಓಡೋದ್ಲು ಅಂತ ಸಂಘದಾಗೆ ನೀನೇ ಅಂದಿದ್ದು. ಆಮ್ಯಾಲೆ ಅವಳನ್ನ ನೋಡೇ ಇಲ್ಲ ಅಂತಾನೂ ನೀನೇ ಅಂದಿದ್ದು."

ವಿಜಯಕುಮಾರನ ಬಾಯಿ ತೆರೆಯಿತು.  "ರಘು..." ಅಂದ ಕೊನೆಗೆ, ಸುತ್ತ ನೋಡುತ್ತ. ರಘು ಅಷ್ಟರಲ್ಲಿ ಬಾಗೇಪಲ್ಲಿ ದಾಟಿರಬೇಕು.

ಅಕ್ಕ ಎದ್ದಳು.

ಜನ ತಾವಾಗಿಯೇ ದಾರಿ ಬಿಟ್ಟರು. ಸ್ಟೇಜ್ ಹತ್ತಿದಳು. ವಿಜಯಕುಮಾರನ ಕಡೆ ನೋಡಲೇ ಇಲ್ಲ. ಸೆರಗಿನೊಳಗಿಂದ ಕೈ ತೆಗೆದು, ಚಿನ್ನದ ಕೈಯ ಪಕ್ಕದಲ್ಲಿ ರೇಷ್ಮೆಯ ಮೇಲಿಟ್ಟಳು. ಒಂದೇ ಅಳತೆ. ಅದೇ ಎರಡು ಬೆರಳು, ಅದೇ ಕಡೆಗೆ ಸೊಟ್ಟ.

"ಹೂವೂ ನಂದೇ ಶಿವಯೋಗಪ್ಪ," ಅಂದಳು. "ಕೈಯೂ ನಂದೇ. ಇವರ್ದು ಶಟರ್ ಒಂದೇ."

ಮುದುಕ ಅವಳ ಕೈಯನ್ನು ತನ್ನ ಎರಡು ಕೈಯಲ್ಲೂ ಎತ್ತಿಕೊಂಡರು.  

ಎಸ್‌ಐ ಸ್ವೀಟ್ ಬಾಕ್ಸನ್ನು ಕುರ್ಚಿಯ ಮೇಲಿಟ್ಟು ಎದ್ದು ನಿಂತರು. ಕೊರಳಿನ ಹಾರ ತೆಗೆದರು.

ಆಗ ವಿಜಯಕುಮಾರ ನುಗ್ಗಿದ. ಹೆಂಗಸರ ಕೈಯಿಂದ ಸೆರಗು ಕಿತ್ತುಕೊಂಡು ದೀಪದ ಮೇಲೆ ಹಿಡಿದ. ರೇಷ್ಮೆ ಕಮರಿತು. ಸುಟ್ಟ ಕೂದಲಿನ ವಾಸನೆ ಎಲ್ಲ ಕಡೆ ಹರಡಿತು. ಚಿನ್ನದ ಹೆಬ್ಬೆರಳು ಕಪ್ಪಾಗಿ ಮುದುಡಿತು.

"ಎಲ್ಲೈತೆ ಸಾಕ್ಷಿ?" ಅವನು ಕಿರುಚುತ್ತಿದ್ದ. "ಚೂಡಂಡಿ, ನೋಡ್ರಿ, ಎಲ್ಲೈತೆ ಈಗ?"

ನನ್ನ ಜೇಬಿನಲ್ಲಿ ಫೋನ್ ಅದುರಿತು. ಅದೇ ಟೀ ಅಂಗಡಿಯ ನಂಬರು.

ಕುಂಟುತ್ತಾ ಸ್ಟೇಜ್ ಹತ್ತಿದೆ. ಅವನ ಕೈಯಿಂದ ಜಾರಿದ್ದ ಮೈಕನ್ನು ಎತ್ತಿ ಫೋನಿನ ಹತ್ತಿರ ಹಿಡಿದೆ.

"ನಾರಮ್ಮ ಕಣಮ್ಮ," ಅಂದವು ಸ್ಪೀಕರುಗಳು. "ಆವಯ್ಯ ಮಗ್ಗ ಆಫ್ ಮಾಡಿ ಹೋಗಿದ್ದ. ನಾವೆಲ್ಲ ಸೇರ್ಕಂಡು ಆನ್ ಮಾಡಿದ್ವಿ. ಇನ್ನೊಂದು ಸೆರಗು ಇಳೀತು, ಕೈ ಬೋ ಚೆನ್ನಾಗ್ ಬಂದೈತೆ. ಮೂರನೇದೂ ಹಾಕಿದೀವಿ. ಇವನ್ನೆಲ್ಲ ಎಲ್ಲಿಗೆ ಕಳ್ಸೋದು?"

ವಿಜಯಕುಮಾರನ ಕೈಯಿಂದ ಸೆರಗು ಕೆಳಗೆ ಬಿತ್ತು. ಎಸ್‌ಐ ಅವನ ಹೆಗಲ ಮೇಲೆ ಕೈ ಹಾಕಿದ್ದರು.

ನಾನು ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದೆ.

"ಅಡ್ರೆಸ್ ಕೇಳ್ತಾವಳೆ ಅಣ್ಣ. ಮನೇದು ಕೊಡ್ತೀರೋ, ಸ್ಟೇಷನ್ದೋ?"